ಮುಂದಿನ ಸಾಂಕ್ರಾಮಿಕ ಬಂದರೆ ನಮ್ಮ ಪಂಚಾಯಿತಿಯಲ್ಲಿ ಮೊದಲ ರಕ್ಷಣೆ ಯಾರಿಗೆ?

ಪ್ರಶ್ನೆ: ಎಡದಂಡೆಯವನು, ಗಂಗಾವತಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಕೋವಿಡ್ ಕಾಲದಲ್ಲಿ ರಚನೆಯಾಗಿದ್ದ ನಮ್ಮ ಕಾರ್ಯಪಡೆಯ ಕಾಗದಪತ್ರಗಳನ್ನು ಈಚೆಗೆ ತೆಗೆದು ನೋಡಿದಾಗ ಸೋಂಕಿತರ ಪಟ್ಟಿ, ಕ್ವಾರಂಟೈನ್ ಆದವರ ಪಟ್ಟಿ, ದಿನಸಿ ಕಿಟ್ ಹಂಚಿದ ಪಟ್ಟಿ ಎಲ್ಲವೂ ಸಿಕ್ಕವು. ಆದರೆ ಊರು ನಡೆಯಬೇಕೆಂದರೆ ಮನೆ ಬಿಟ್ಟು ಹೊರಗೆ ಬರಲೇಬೇಕಾಗಿದ್ದವರು ಯಾರು, ಅವರಿಗೆ ಯಾವ ರಕ್ಷಣೆ ಕೊಡಲಾಯಿತು ಎಂಬುದರ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ಇನ್ನೊಮ್ಮೆ ಅಂಥ ದಿನ ಬಂದರೆ ಮಾಸ್ಕಾಗಲಿ ಲಸಿಕೆಯಾಗಲಿ ಮೊದಲ ತಿಂಗಳುಗಳಲ್ಲಿ ಎಲ್ಲರಿಗೂ ಸಾಲುವುದಿಲ್ಲ ಎಂಬುದು ಖಚಿತ. ಆದ್ದರಿಂದ ಯಾರಿಗೆ ಮೊದಲು ಎಂಬುದನ್ನು ಈಗಲೇ, ಸಮಾಧಾನದಿಂದ ಕುಳಿತು ಬರೆದಿಡಬೇಕೆಂದು ಸಭೆಯಲ್ಲಿ ಪ್ರಸ್ತಾಪಿಸಿದೆ.

ಸಭೆಯಲ್ಲಿ ಒಮ್ಮತ ಮೂಡಲಿಲ್ಲ. ವೈದ್ಯರು, ನರ್ಸುಗಳು, ಪೊಲೀಸರು, ಪಂಚಾಯಿತಿ ಸಿಬ್ಬಂದಿ, ಆಮೇಲೆ ಉಳಿದವರು ಎಂಬ ಕ್ರಮವೇ ಸಾಕು ಎಂದು ಕೆಲವರು ಹೇಳಿದರು. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗಿಂತ ಭತ್ತದ ಸುಗ್ಗಿಯಲ್ಲಿ ರೈಸ್ ಮಿಲ್ಲಿನೊಳಗೆ ಚೀಲ ಹೊರುವ ಹಮಾಲಿ ಯಾಕೆ ಕೆಳಗೆ ಬರಬೇಕು ಎಂದು ಒಬ್ಬ ಸದಸ್ಯೆ ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ವಾಟರ್‌ಮನ್‌ಗಳು, ಕಸದ ವಾಹನದವರು, ಜೆಸ್ಕಾಂ ಲೈನ್‌ಮನ್, ನ್ಯಾಯಬೆಲೆ ಅಂಗಡಿಯವರು, ಕಾಲುವೆಯ ಗ್ಯಾಂಗ್‌ಮನ್‌ಗಳು, ಹೆಣ ಹೂಳಲು ಗುಂಡಿ ತೋಡುವವರು, ಮಿಲ್ಲಿನ ಹಮಾಲರು ಇದ್ದಾರೆ. ಇವರಲ್ಲಿ ಅರ್ಧದಷ್ಟು ಜನರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಯಾವ ಅಳತೆಗೋಲಿನಿಂದ ಕ್ರಮ ನಿರ್ಧರಿಸಬೇಕು, ಹಾಜರಿಯಲ್ಲಿಲ್ಲದವರನ್ನು ಹೇಗೆ ಪಟ್ಟಿಗೆ ತರಬೇಕು, ಲಸಿಕೆ ಬರುವವರೆಗೆ ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಆರೋಗ್ಯಾಧಿಕಾರಿ, ಬಳ್ಳಾರಿ

ಸದಸ್ಯರೇ, ಯಾರಿಗೆ ಮೊದಲು ಎಂಬುದಕ್ಕೆ ಉತ್ತರ ಸಿಗಬೇಕಾದರೆ, ಏತಕ್ಕಾಗಿ ಕೊಡುತ್ತಿದ್ದೇವೆ ಎಂಬುದು ಮೊದಲು ತೀರ್ಮಾನವಾಗಬೇಕು. ಸಾವು ತಪ್ಪಿಸುವುದಕ್ಕಾದರೆ ವಯಸ್ಸಾದವರು ಮತ್ತು ಬೇರೆ ಕಾಯಿಲೆ ಇರುವವರು ಮುಂದೆ ಬರುತ್ತಾರೆ. ಸೋಂಕು ಹರಡುವುದನ್ನು ತಡೆಯುವುದಕ್ಕಾದರೆ ದಿನವಿಡೀ ಹೆಚ್ಚು ಜನರ ನಡುವೆ ಇರುವವರು ಮುಂದೆ ಬರುತ್ತಾರೆ. ಸೇವೆ ನಿಲ್ಲದಂತೆ ನೋಡಿಕೊಳ್ಳುವುದಕ್ಕಾದರೆ ಬದಲಿ ಆಳು ಸಿಗದ ಕೆಲಸದವರು. ಈ ಮೂರೂ ಉದ್ದೇಶಗಳು ಒಂದೇ ಕ್ರಮವನ್ನು ಕೊಡುವುದಿಲ್ಲ, ಮತ್ತು ನಿಮ್ಮ ಸಭೆಯ ಭಿನ್ನಾಭಿಪ್ರಾಯಕ್ಕೆ ಮೂಲ ಇದೇ ಇರಬಹುದು.

ಕೋವಿಡ್ ಲಸಿಕೆಯ ವಿಚಾರದಲ್ಲಿ ನಮ್ಮ ದೇಶ ಇವುಗಳನ್ನು ಹಂತಹಂತವಾಗಿ ಜೋಡಿಸಿತು. 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದ ಆರಂಭವಾಯಿತು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೂ ಆ ವರ್ಗದಲ್ಲೇ ಇದ್ದರು. ಫೆಬ್ರುವರಿ 2ರಿಂದ ಪೊಲೀಸರು, ಗೃಹರಕ್ಷಕರು, ಪೌರಕಾರ್ಮಿಕರು ಮುಂತಾದ ಮುಂಚೂಣಿ ಕಾರ್ಯಕರ್ತರಿಗೆ, ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ ಹಾಗೂ ನಿಗದಿತ ಕಾಯಿಲೆಗಳಿದ್ದ 45ರಿಂದ 59ರ ವಯಸ್ಸಿನವರಿಗೆ ಲಸಿಕೆ ಸಿಕ್ಕಿತು. ಮೇ 1ರಿಂದ 18 ವರ್ಷ ಮೇಲ್ಪಟ್ಟವರೆಲ್ಲರೂ ಅರ್ಹರಾದರು. ಅಮೆರಿಕದ ತಜ್ಞರ ಸಮಿತಿ 2020ರ ಡಿಸೆಂಬರ್‌ನಲ್ಲಿ ಆರೋಗ್ಯ ಸಿಬ್ಬಂದಿ ಹಾಗೂ ಆರೈಕೆ ಕೇಂದ್ರಗಳ ನಿವಾಸಿಗಳ ಬಳಿಕ 75 ವರ್ಷ ದಾಟಿದವರನ್ನೂ ದಿನಸಿ ಅಂಗಡಿ, ಸಾರಿಗೆ, ಅಂಚೆ, ಕೃಷಿ ಕೆಲಸದವರನ್ನೂ ಒಂದೇ ಹಂತದಲ್ಲಿ ಇರಿಸಿತು. ಅಂದರೆ ಎಲ್ಲರೂ ಒಪ್ಪಿದ ಒಂದು ಕ್ರಮ ಎಲ್ಲೂ ಇರಲಿಲ್ಲ. ಆಯಾ ದೇಶ ತನ್ನ ಉದ್ದೇಶಕ್ಕೆ ತಕ್ಕಂತೆ ಬರೆದುಕೊಂಡಿತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು 2020ರ ಮಾರ್ಚ್ 11ರಂದು. ನಮ್ಮಲ್ಲಿ ಮೊದಲ ಲಸಿಕೆಗೂ ಅದಕ್ಕೂ ಹತ್ತು ತಿಂಗಳ ಅಂತರವಿದೆ. ಆ ಹತ್ತು ತಿಂಗಳು ಇದ್ದದ್ದು ಮಾಸ್ಕ್, ಗಾಳಿಯಾಡುವ ಜಾಗ, ಅಂತರ ಮತ್ತು ಜ್ವರ ಬಂದಾಗ ಕೂಲಿ ಕಳೆದುಕೊಳ್ಳದೆ ಮನೆಯಲ್ಲಿರುವ ಅವಕಾಶ, ಇಷ್ಟೇ. ಆದ್ದರಿಂದ ನಿಮ್ಮ ಪಟ್ಟಿಯನ್ನು ಲಸಿಕೆಯ ಪಟ್ಟಿ ಎಂದು ಭಾವಿಸಿ ಬರೆಯಬೇಡಿ.

ಅಳತೆಗೋಲಿನ ಬಗ್ಗೆ ಕೇಳಿದ್ದೀರಿ. ಹುದ್ದೆಯ ಹೆಸರನ್ನು ಬದಿಗಿಟ್ಟು ಆ ಕೆಲಸ ನಡೆಯುವ ಬಗೆಯನ್ನು ನೋಡಿ. ಮುಚ್ಚಿದ ಜಾಗದಲ್ಲಿ ಎಷ್ಟು ಹೊತ್ತು, ಎಷ್ಟು ಜನರ ಹತ್ತಿರ ಇರಬೇಕಾಗುತ್ತದೆ? ಕೆಲಸ ಮಾಡುವ ರೀತಿಯನ್ನು ಬದಲಾಯಿಸಿ ಆ ಸಂಪರ್ಕವನ್ನು ಕಡಿಮೆ ಮಾಡಲು ಸಾಧ್ಯವೇ? ಅವರು ಹದಿನೈದು ದಿನ ಮಲಗಿದರೆ ಆ ಕೆಲಸ ಮಾಡಬಲ್ಲ ಇನ್ನೊಬ್ಬರಿದ್ದಾರೆಯೇ? ಹೀಗೆ ನೋಡಿದರೆ ಬಯಲಿನಲ್ಲಿ ಒಬ್ಬನೇ ತೂಬು ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ ಸೋಂಕಿನ ಅಪಾಯ ಕಡಿಮೆ ಎಂದು ಗೊತ್ತಾಗುತ್ತದೆ. ನ್ಯಾಯಬೆಲೆ ಅಂಗಡಿಯವನು ಸಣ್ಣ ಕೋಣೆಯೊಳಗೆ ಕುಳಿತು, ಊರಿನ ಪ್ರತಿ ಕಾರ್ಡಿನವರ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿಕೊಳ್ಳುತ್ತಾನೆ. ಅವನ ಅಪಾಯ ಹೆಚ್ಚು. ಆದರೆ ಹೆಬ್ಬೆಟ್ಟಿನ ಬದಲು ಬೇರೆ ವ್ಯವಸ್ಥೆ ಮಾಡಿ, ವಿತರಣೆಯನ್ನು ಶಾಲೆಯ ಅಂಗಳಕ್ಕೆ ತಂದರೆ ಅದೇ ಅಪಾಯ ಬಹಳಷ್ಟು ತಗ್ಗುತ್ತದೆ. ಬದಲಾಯಿಸಲು ಸಾಧ್ಯವೇ ಇಲ್ಲದ ಕೆಲಸಗಳಿಗೆ, ಉದಾಹರಣೆಗೆ ಹೆರಿಗೆ ಮಾಡಿಸುವ ನರ್ಸಿಗೆ, ಒಳ್ಳೆಯ ಮಾಸ್ಕಿನ ಮೊದಲ ಪೆಟ್ಟಿಗೆ ಹೋಗಬೇಕು.

ಉತ್ತರ: ಗಂಜಿನ ಗುಮಾಸ್ತ, ರಾಯಚೂರು

ಸರ್, ನಾನು ಅಡತ್ ಅಂಗಡಿಯೊಂದರಲ್ಲಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ದಲ್ಲಾಳಿ ಅಂಗಡಿಯಲ್ಲಿ, ಲೆಕ್ಕ ಬರೆಯುವವನು. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆಯೇ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಾಕ್‌ಡೌನ್‌ನಲ್ಲೂ ಕೃಷಿ ಮಾರುಕಟ್ಟೆಗಳಿಗೆ ವಿನಾಯಿತಿ ಇತ್ತು. ದೇಶ ಉಣ್ಣಬೇಕಾದರೆ ಅದು ಸರಿಯಾದ ತೀರ್ಮಾನವೇ. ಮಾರುಕಟ್ಟೆ ನಡೆಯುವುದು ಅಗತ್ಯ ಎಂದ ಮೇಲೆ ಅದನ್ನು ನಡೆಸುವವರೂ ಅಗತ್ಯದವರೇ ಅಲ್ಲವೇ? ಚೀಲವನ್ನು ಲಾರಿಯಿಂದ ಇಳಿಸಿ, ಬೆನ್ನ ಮೇಲೆ ಹೊತ್ತು ಗೋದಾಮಿನೊಳಗೆ ಅಟ್ಟಿ ಒಟ್ಟುವ ಹಮಾಲನಿಗೆ ಒಬ್ಬ ಮಾಲೀಕನಿಲ್ಲ. ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು. ಚೀಲಕ್ಕೆ ಇಷ್ಟು ಎಂದು ಕೂಲಿ. ಹೀಗಾಗಿ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಅವನಿಗೆ ಅನ್ವಯಿಸುವುದಿಲ್ಲ. ಕಾರ್ಖಾನೆಯಲ್ಲಿ ಇಎಸ್‌ಐ ಇರುವವನು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70ರಷ್ಟು ಪಡೆಯುತ್ತಾನೆ; ಹಮಾಲ ಒಂದು ದಿನ ಮಲಗಿದರೂ ಆ ದಿನದ ಕೂಲಿ ಹೋಯಿತು. ಜ್ವರವಿದ್ದರೂ ಅವನು ಚೀಲ ಹೊರಲು ಬರುವುದಕ್ಕೆ ಇದೊಂದೇ ಕಾರಣ, ಅರಿವಿನ ಕೊರತೆಯಲ್ಲ. ಸುಗ್ಗಿಯ ಸೆಖೆಯಲ್ಲಿ ನಾಲ್ಕಾರು ಚೀಲ ಹೊರುವಷ್ಟರಲ್ಲಿ ಬಟ್ಟೆಯ ಮಾಸ್ಕ್ ಬೆವರಿಗೆ ತೊಯ್ದು ಮೂಗಿಗೆ ಅಂಟಿಕೊಳ್ಳುತ್ತದೆ, ಉಸಿರು ಎಳೆಯಲಾಗದೆ ಅದನ್ನು ಗದ್ದಕ್ಕೆ ಇಳಿಸಲೇಬೇಕಾಗುತ್ತದೆ. ದಿನಕ್ಕೆ ಒಂದು ಮಾಸ್ಕ್ ಎಂಬ ಲೆಕ್ಕ ಈ ಕೆಲಸಕ್ಕೆ ಹೊಂದುವುದಿಲ್ಲ.

ಈಗ ಪಟ್ಟಿಯ ವಿಷಯ. 2021ರಲ್ಲಿ ಮುಂಚೂಣಿ ಕಾರ್ಯಕರ್ತರ ಹೆಸರುಗಳು ಅವರವರ ಇಲಾಖೆಯ ಮೂಲಕ ಕೋವಿನ್ ಎಂಬ ಲಸಿಕೆ ನೋಂದಣಿ ಜಾಲತಾಣಕ್ಕೆ ಹೋದವು. ಹೆಸರು ಕಳಿಸಲು ಇಲಾಖೆ ಇಲ್ಲದವನ ಹೆಸರು ಯಾರು ಕಳಿಸಬೇಕು? ಮೇಲಾಗಿ, ಅರ್ಹರಲ್ಲದವರೂ ಸೇರಿಕೊಳ್ಳುತ್ತಿದ್ದಾರೆ ಎಂಬ ಕಾರಣಕ್ಕೆ ಅದೇ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ಆ ವರ್ಗಗಳ ಹೊಸ ನೋಂದಣಿಯನ್ನೇ ಕೇಂದ್ರ ಸರ್ಕಾರ ನಿಲ್ಲಿಸಿತು. ಪ್ರಭಾವವಿದ್ದವರು ಒಳಗೆ ಬಂದದ್ದರಿಂದ ಬಾಗಿಲು ಮುಚ್ಚಿತು, ಮುಚ್ಚಿದಾಗ ಹೊರಗೆ ಉಳಿದವರು ಹೆಸರೇ ಇಲ್ಲದವರು. ಮುಂದೆ ಹೀಗಾಗಬಾರದು.

ಆದ್ದರಿಂದ ಪಟ್ಟಿಯನ್ನು ಸಂಬಳದ ರಿಜಿಸ್ಟರಿನಿಂದ ತೆಗೆಯದೆ ಜಾಗದಿಂದ ತೆಗೆಯಿರಿ. ಮಿಲ್ಲು, ಗೋದಾಮು, ಸಂತೆ ಮೈದಾನ, ಸ್ಮಶಾನ ಎಂದು ಜಾಗಗಳನ್ನು ಬರೆದುಕೊಂಡು, ಅಲ್ಲಿ ನಿತ್ಯ ಯಾರು ಬರುತ್ತಾರೆಂದು ಅಲ್ಲಿಯ ಮೇಸ್ತ್ರಿಯನ್ನು ಕೇಳಿ. ಎಪಿಎಂಸಿ ಲೈಸೆನ್ಸ್ ಇರುವ ಹಮಾಲರ ಹೆಸರು ಸಮಿತಿಯಲ್ಲಿ ಸಿಗುತ್ತದೆ. ಸುಗ್ಗಿಗೆಂದು ಬರುವವರ ಹೆಸರು ಮೇಸ್ತ್ರಿಯ ಚಿಕ್ಕ ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತದೆ, ಏಕೆಂದರೆ ಸಂಜೆ ಕೂಲಿ ಹಂಚುವವನು ಅವನೇ. ಆ ನೋಟ್‌ಬುಕ್ಕನ್ನು ಪಂಚಾಯಿತಿ ದಾಖಲೆಯೆಂದು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಉತ್ತರ: ಶಕ್ತಿನಗರದ ಎಂಜಿನಿಯರ್

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಾ, ಬದಲಿ ಆಳು ಸಿಗದ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಎಂಟು ಘಟಕಗಳಿದ್ದು ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಘಟಕಗಳನ್ನು ನಡೆಸುವ ನಿಯಂತ್ರಣ ಕೊಠಡಿಯ ಆಪರೇಟರುಗಳನ್ನು ತಯಾರು ಮಾಡಲು ವರ್ಷಗಳೇ ಬೇಕು, ಹೊರಗಿನಿಂದ ದಿಢೀರನೆ ಕರೆತರಲು ಆಗುವುದಿಲ್ಲ. ಹಾಗೆಂದು ಅವರನ್ನು ಎಲ್ಲರಿಗಿಂತ ಮೊದಲ ಸಾಲಿಗೆ ತರಬೇಕೆಂದು ನಾನು ಹೇಳುವುದಿಲ್ಲ. ಅವರ ಸಂಖ್ಯೆ ಕಡಿಮೆ, ಕೊಠಡಿಗೆ ಹೊರಗಿನವರು ಬರುವುದಿಲ್ಲ; ಆದ್ದರಿಂದ ಅವರನ್ನು ಕೆಲಸದ ವ್ಯವಸ್ಥೆಯಿಂದಲೇ ಬಹುಮಟ್ಟಿಗೆ ಕಾಪಾಡಬಹುದು.

ಮೊದಲನೆಯದಾಗಿ, ಪಾಳಿಯ ತಂಡಗಳು ಒಂದರೊಡನೊಂದು ಬೆರೆಯದಂತೆ ನೋಡಿಕೊಳ್ಳಬೇಕು. ತಂಡಗಳು ಬೆರೆಯುವುದು ಪಾಳಿ ಬದಲಾಗುವ ಹೊತ್ತಿನಲ್ಲಿ: ಹೋಗುವವರು ಬರುವವರಿಗೆ ಪರದೆಯ ಮುಂದೆ ನಿಂತು, ಯಂತ್ರದ ಸದ್ದಿನ ನಡುವೆ ದನಿ ಎತ್ತರಿಸಿ ಎಲ್ಲವನ್ನೂ ಹೇಳುತ್ತಾರೆ. ಅದನ್ನು ಲಾಗ್‌ಬುಕ್ಕಿನಲ್ಲಿ ವಿವರವಾಗಿ ಬರೆದು, ಉಳಿದದ್ದನ್ನು ಫೋನಿನಲ್ಲಿ ಹೇಳಿದರೆ ಎರಡು ತಂಡಗಳು ಒಂದೇ ಗಾಳಿಯನ್ನು ಉಸಿರಾಡುವ ಪ್ರಸಂಗವೇ ಬರುವುದಿಲ್ಲ. ಎರಡನೆಯದು ಗಾಳಿ. ಮುಚ್ಚಿದ ಎಸಿ ಕೊಠಡಿಯಲ್ಲಿ ಗಂಟೆಗೆ ಆರು ಬಾರಿಯಷ್ಟು ಗಾಳಿ ಬದಲಾದರೆ ತೇಲುವ ಕಣಗಳಲ್ಲಿ ಶೇ 99ರಷ್ಟು ಹೊರಹೋಗಲು ಸುಮಾರು 46 ನಿಮಿಷ ಬೇಕು, ಹನ್ನೆರಡು ಬಾರಿ ಬದಲಾದರೆ 23 ನಿಮಿಷ ಸಾಕು. ನಿಮ್ಮ ಪಂಚಾಯಿತಿಯ ಕೋಣೆಗೆ ಇಷ್ಟು ಲೆಕ್ಕ ಬೇಕಿಲ್ಲ, ಎದುರುಬದುರು ಎರಡು ಕಿಟಕಿ ತೆರೆದಿಟ್ಟು ಒಂದರ ಬಳಿ ಹೊರಮುಖವಾಗಿ ಫ್ಯಾನ್ ಇಟ್ಟರೆ ದೊಡ್ಡ ಉಪಕಾರ.

ಆದರೆ ಇಂಥ ಸ್ಥಾವರಗಳಲ್ಲಿ ನನಗೆ ಹೆಚ್ಚು ಕಳವಳ ಹುಟ್ಟಿಸುವವರು ಕಲ್ಲಿದ್ದಲು ವ್ಯಾಗನ್ ಖಾಲಿ ಮಾಡುವ, ಹಾರುಬೂದಿ ಸಾಗಿಸುವ ಗುತ್ತಿಗೆ ಕಾರ್ಮಿಕರು. ಅವರು ಕೆಲಸ ಮಾಡುವುದು ಬಯಲಿನಲ್ಲೇ ಆದರೂ, ಬಂದು ಹೋಗುವುದು ಇಕ್ಕಟ್ಟಾದ ಟಂಟಂನಲ್ಲಿ, ಉಣ್ಣುವುದು ಒಂದೇ ತಗಡಿನ ಶೆಡ್ಡಿನಲ್ಲಿ. ಕಲ್ಲಿದ್ದಲು ಇಳಿಯದಿದ್ದರೆ ನಿಯಂತ್ರಣ ಕೊಠಡಿ ಇದ್ದೂ ಪ್ರಯೋಜನವಿಲ್ಲ. ಹಾಜರಿಯಲ್ಲಿ ಅವರು ಗುತ್ತಿಗೆದಾರನ ಆಳುಗಳು. ಕೆಲಸದಲ್ಲಿ ಸ್ಥಾವರದ ಆಳುಗಳು. ಅಪಾಯ ಎಲ್ಲಿದೆ ಎಂದು ನೋಡುವಾಗ ಕೆಲಸದ ಎಂಟು ಗಂಟೆಯ ಜೊತೆಗೆ ಪ್ರಯಾಣ ಮತ್ತು ಊಟದ ಹೊತ್ತನ್ನೂ ಸೇರಿಸಿಕೊಳ್ಳಿ ಎಂದು ನನ್ನ ಕೋರಿಕೆ.

ಉತ್ತರ: ಸಂಡೂರಿನ ಮೇಷ್ಟ್ರು

ಗೆಳೆಯರೇ, ಇಲ್ಲಿ ಯಾರೂ ಹೇಳದ ಒಂದು ಮಾತನ್ನು ನಾನು ಹೇಳಲೇಬೇಕು. ಕೋವಿಡ್ ಹೆಚ್ಚಾಗಿ ಕೊಂದದ್ದು ವಯಸ್ಸಾದವರನ್ನು. ಬ್ರಿಟನ್ನಿನ ಲಸಿಕಾ ಸಮಿತಿ ಆರೋಗ್ಯ ಮತ್ತು ಆರೈಕೆ ಸಿಬ್ಬಂದಿ ಹಾಗೂ ಬೇರೆ ಗಂಭೀರ ಕಾಯಿಲೆ ಇದ್ದವರನ್ನು ಹೊರತುಪಡಿಸಿ ಉಳಿದಂತೆ ವಯಸ್ಸನ್ನೇ ಹಿಡಿದು ಮೇಲಿನಿಂದ ಕೆಳಗೆ ಬಂದಿತು. 2021ರ ಫೆಬ್ರುವರಿಯಲ್ಲಿ ಶಿಕ್ಷಕರಿಗೆ, ಪೊಲೀಸರಿಗೆ ಆದ್ಯತೆ ಕೊಡಿ ಎಂಬ ಒತ್ತಾಯವಿದ್ದಾಗಲೂ, ಉದ್ಯೋಗದ ಪ್ರಕಾರ ಹಂಚಲು ಹೋದರೆ ಜಟಿಲವಾಗಿ ವೇಗ ಕುಂದುತ್ತದೆ ಎಂದು ಅದು ನಿರಾಕರಿಸಿತು. ಶಿಕ್ಷಕನಾಗಿದ್ದ ನನಗೂ ಆ ನಿಲುವು ಸರಿಯೆಂದೇ ತೋರುತ್ತದೆ.

ವಯಸ್ಸಿಗೆ ದಾಖಲೆ ಇದೆ, ಮತದಾರರ ಪಟ್ಟಿಯಿಂದ ಒಂದು ಗಂಟೆಯಲ್ಲಿ ತೆಗೆಯಬಹುದು. ಯಾರು ಅಗತ್ಯದವರು ಎಂಬ ಚರ್ಚೆಗೆ ಕುಳಿತರೆ ನಿಮ್ಮ ಸಭೆಯಲ್ಲಿ ಆದದ್ದೇ ಎಲ್ಲ ಕಡೆಯೂ ಆಗುತ್ತದೆ, ಕೊನೆಗೆ ಗಟ್ಟಿಯಾಗಿ ಮಾತನಾಡುವವನ ಕಡೆಯವರು ಮೊದಲು ನಿಲ್ಲುತ್ತಾರೆ. ಗುಮಾಸ್ತರು ಹೇಳಿದ ಏಪ್ರಿಲ್‌ನ ಪ್ರಸಂಗ ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ. ಊರಿನ ಹಿರಿಯ ಜೀವಗಳು ಒಲೆಯ ಮುಂದೆ ಕುಳಿತಲ್ಲೇ ಸೋಂಕು ತಗುಲಿ ಹೋಗುವುದನ್ನು ನಾವು ನೋಡಿದ್ದೇವೆ. ಅವರಿಗೆ ಬೇಡಿಕೆ ಪತ್ರ ಬರೆಯುವ ಸಂಘವೂ ಇಲ್ಲ.

ಉತ್ತರ: ಆಶಾ ಕಾರ್ಯಕರ್ತೆ, ಮಾನ್ವಿ ತಾಲ್ಲೂಕು

ಮೇಷ್ಟ್ರೇ, ನಿಮ್ಮ ಮಾತಿನ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಒಲೆಯ ಮುಂದೆ ಕುಳಿತವರಿಗೆ ಸೋಂಕು ಹೇಗೆ ತಲುಪಿತು ಎಂಬುದನ್ನೂ ನೋಡೋಣ. ಹೊರಗೆ ದುಡಿಯಲು ಹೋದ ಮಗನೋ ಸೊಸೆಯೋ ತಂದದ್ದೇ ಹೆಚ್ಚು. 2020ರಲ್ಲಿ ಗುಳೆ ಹೋದವರು ಬೆಂಗಳೂರು, ಪುಣೆ, ಮುಂಬೈಗಳಿಂದ ಊರಿಗೆ ಮರಳಿದಾಗ ಮನೆಮನೆಗೆ ಹೋಗಿ ಹೆಸರು ಬರೆದವರು, ಜ್ವರ ಕೇಳಿದವರು ನಾವು. ಸಂಜೆ ನಾವೂ ಮನೆಗೇ ಹೋಗುತ್ತಿದ್ದೆವು, ನಮ್ಮ ಮನೆಗಳಲ್ಲೂ ಅತ್ತೆ ಮಾವ ಇದ್ದರು. ಪ್ರತ್ಯೇಕ ಕೋಣೆಯಲ್ಲಿರಿ ಎಂದು ಊರಿಗೆಲ್ಲ ಹೇಳಿ ಬಂದ ನಮ್ಮಲ್ಲಿ ಅನೇಕರದ್ದು ಒಂದೇ ಅಂಕಣದ ಮನೆ. ಹೀಗಿರುವಾಗ ದುಡಿಯುವವರು ಬೇರೆ, ವಯಸ್ಸಾದವರು ಬೇರೆ ಎಂದು ಎರಡು ಸಾಲು ಮಾಡಲು ಬರುವುದಿಲ್ಲ. ಕೆಲಸದ ಅಪಾಯವನ್ನು ಮನೆಗೆ ಒಯ್ಯುವವರ ಮನೆಯ ಹಿರಿಯರಿಗೂ ಅದೇ ಹಂತದಲ್ಲಿ ರಕ್ಷಣೆ ಸಿಗಬೇಕು. ಸದಸ್ಯರೇ, ಇದನ್ನು ದಯವಿಟ್ಟು ಬರೆದುಕೊಳ್ಳಿ.

ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂಬುದು ನಿಯಮ. ಅವಳು ಮಲಗಿದರೆ ಆ ಸಾವಿರ ಜನರಲ್ಲಿ ಯಾರು ತುಂಬು ಗರ್ಭಿಣಿ, ಯಾವ ಮಗುವಿಗೆ ಚುಚ್ಚುಮದ್ದು ಬಾಕಿ, ಯಾರ ಕ್ಷಯದ ಮಾತ್ರೆ ಮುಗಿದಿದೆ ಎಂದು ಬಲ್ಲವರು ಇನ್ನೊಬ್ಬರಿಲ್ಲ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಹೋರಾಟಕ್ಕೆ ಇಳಿದಾಗ ತಿಂಗಳಿಗೆ 12,000 ರೂಪಾಯಿ ಗೌರವಧನದ ಜೊತೆಗೆ ಸುರಕ್ಷಾ ಸಾಮಗ್ರಿಯನ್ನೂ ಕೇಳಿದ್ದರು. ಆ ವೇಳೆಗೆ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆಯನ್ನು ಕೇಂದ್ರ ಘೋಷಿಸಿತ್ತು, ನಾವೂ ಅದರಲ್ಲಿ ಸೇರಿದ್ದೆವು. ವಿಮೆ ಬೇಕು, ಆದರೆ ಅದು ಸತ್ತ ಮೇಲೆ ಮನೆಯವರಿಗೆ ಬರುವ ಹಣ. ಬದುಕಿರುವಾಗ ಬೇಕಾದದ್ದು ಮೂಗಿಗೆ ಸರಿಯಾಗಿ ಕೂರುವ ಮಾಸ್ಕ್, ಮತ್ತು ಕಾಯಿಲೆಯಾದರೆ ಗೌರವಧನ ಕಡಿತವಾಗುವುದಿಲ್ಲ ಎಂಬ ಭರವಸೆ.

ಖರ್ಚಿಲ್ಲದ ಒಂದು ಉಪಾಯವನ್ನೂ ಹೇಳುತ್ತೇನೆ. ಮನೆಯೊಳಗೆ ಹೋಗಿ ವಿಚಾರಿಸುವ ಬದಲು ಮನೆಯವರನ್ನೇ ಹೊರಗಿನ ಕಟ್ಟೆಗೆ ಕರೆದು, ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಾವು ನಿಂತು ಮಾತನಾಡಿಸುವುದು ಒಳ್ಳೆಯದು. ಆರಂಭದಲ್ಲಿ ಜನ ಇದನ್ನು ಅವಮಾನವೆಂದು ತಿಳಿದು ಬೇಸರ ಮಾಡಿಕೊಳ್ಳುತ್ತಾರೆ. ಪಂಚಾಯಿತಿಯವರೇ ಡಂಗುರ ಸಾರಿಸಿ, ಇದು ಎಲ್ಲರಿಗೂ ಒಂದೇ ನಿಯಮ ಎಂದು ಹೇಳಿಬಿಟ್ಟರೆ ಆ ಮುನಿಸು ನಮ್ಮ ಮೇಲೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಎಡದಂಡೆಯವನು

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಆಕ್ಷೇಪಣೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಲಸಿಕೆಯ ಮಟ್ಟಿಗೆ ಕ್ರಮವನ್ನು ನಿರ್ಧರಿಸುವುದು ಸರ್ಕಾರವೇ ಹೊರತು ಪಂಚಾಯಿತಿಯಲ್ಲ, ಆದ್ದರಿಂದ ಅಲ್ಲಿ ವಯಸ್ಸಿನ ಪಟ್ಟಿಯನ್ನು ಸಿದ್ಧವಾಗಿಟ್ಟುಕೊಂಡಿರುವುದೇ ನಮ್ಮ ಕೆಲಸ. ನಮ್ಮ ಕೈಯಲ್ಲಿರುವುದು ಮಾಸ್ಕ್, ಜಾಗ, ರಜೆ ಮತ್ತು ಹೆಸರುಗಳ ದಾಖಲೆ. ಇವುಗಳಿಗೆ ಕೆಲಸದ ಬಗೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವ ಕರಡನ್ನು ಮುಂದಿನ ಸಾಮಾನ್ಯ ಸಭೆಯ ಮುಂದಿಡುತ್ತೇನೆ. ಮೇಸ್ತ್ರಿಯ ನೋಟ್‌ಬುಕ್ಕಿನಿಂದ ಹೆಸರು ತೆಗೆದು, ಪ್ರತಿ ಸುಗ್ಗಿಯ ಆರಂಭದಲ್ಲಿ ತಿದ್ದಿ, ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿ ಹೇಳಬೇಕೆಂಬುದನ್ನು ಅದರಲ್ಲಿ ಸೇರಿಸಿದ್ದೇನೆ. ಬಹಿರಂಗವಾಗಿ ಓದಿದರೆ ಸಂಬಂಧವಿಲ್ಲದವರ ಹೆಸರು ನುಸುಳುವುದು ಕಷ್ಟ, ಬಿಟ್ಟುಹೋದವರು ಅಲ್ಲೇ ಎದ್ದು ಕೇಳಬಹುದು. ಆಶಾ ಅಕ್ಕನವರು ಹೇಳಿದ ಮನೆಯ ಹಿರಿಯರ ವಿಷಯವೂ ಸೇರಿದೆ.

ಕೂಲಿ ನಷ್ಟದ ಪ್ರಶ್ನೆ ಮಾತ್ರ ಬಗೆಹರಿದಿಲ್ಲ. ಹಮಾಲನಿಗೆ ಕಾಯಿಲೆಯ ದಿನಗಳ ಕೂಲಿಯನ್ನು ಮಿಲ್ಲಿನವರು ಕೊಡಬೇಕೇ, ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಭಾಗಶಃ ಕೊಡಲು ಅವಕಾಶವಿದೆಯೇ ಎಂಬುದನ್ನು ಪಿಡಿಒ ಅವರೊಂದಿಗೆ ಕುಳಿತು ಪರಿಶೀಲಿಸಬೇಕಾಗಿದೆ. ಇದಿಲ್ಲದೆ ಉಳಿದ ವ್ಯವಸ್ಥೆ ನಿಲ್ಲುವುದಿಲ್ಲವೆಂದು ಗುಮಾಸ್ತರ ಮಾತಿನಿಂದ ಮನವರಿಕೆಯಾಗಿದೆ. ಮಾಸ್ಕ್ ದಾಸ್ತಾನಿನ ಬಗ್ಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಆರೋಗ್ಯಾಧಿಕಾರಿ, ಬಳ್ಳಾರಿ

ಎನ್-95 ಮಾಸ್ಕನ್ನು ಒಮ್ಮೆಲೇ ದೊಡ್ಡ ಪ್ರಮಾಣದಲ್ಲಿ ಕೊಂಡು ಬೀರುವಿನಲ್ಲಿ ಇಡಬೇಡಿ. ನಮ್ಮ ಭಾಗದ ಬಿಸಿಲಿಗೆ ತಗಡಿನ ಕೋಣೆಯಲ್ಲಿಟ್ಟರೆ ಅದರ ಎಲಾಸ್ಟಿಕ್ ಪಟ್ಟಿ ಜಾಳಾಗುತ್ತದೆ. ಪಟ್ಟಿ ಸಡಿಲವಾದರೆ ಅಂಚಿನಿಂದ ಗಾಳಿ ನುಗ್ಗಿ, ಶೇ 95ರಷ್ಟು ಸೋಸುವ ಬಟ್ಟೆ ಇದ್ದೂ ಉಪಯೋಗಕ್ಕೆ ಬರುವುದಿಲ್ಲ. ಡಬ್ಬಿಯ ಮೇಲಿನ ಅವಧಿ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆದು, ಹಳೆಯದನ್ನು ಪ್ರತಿ ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದ ಕ್ಷಯ ವಿಭಾಗಕ್ಕೆ ಅವಧಿ ಮುಗಿಯುವ ಮೊದಲೇ ಕೊಟ್ಟು, ಅಷ್ಟೇ ಹೊಸದನ್ನು ತಂದಿಡುವ ಏರ್ಪಾಡು ಮಾಡಿಕೊಳ್ಳಿ. ಎರಡು ಮೂರು ಅಳತೆಯವು ಇರಲಿ, ಏಕೆಂದರೆ ಪುರುಷರ ಮುಖಕ್ಕೆ ಕೂರುವುದು ಆಶಾ ಅವರಂಥ ಅನೇಕ ಹೆಣ್ಣುಮಕ್ಕಳ ಮುಖಕ್ಕೆ ಸಡಿಲವಾಗುತ್ತದೆ. ಹಾಕಿಕೊಂಡು ಜೋರಾಗಿ ಉಸಿರು ಬಿಟ್ಟಾಗ ಕೆನ್ನೆಗೋ ಕಣ್ಣಿಗೋ ಗಾಳಿ ತಾಗಿದರೆ ಆ ಅಳತೆ ಅವರಿಗೆ ಸರಿಯಿಲ್ಲವೆಂದು ತಿಳಿದು ಬೇರೆಯದನ್ನು ಕೊಡಿ. ಈ ಪರೀಕ್ಷೆಯನ್ನು ಹೆಸರು ಬರೆದುಕೊಳ್ಳುವ ದಿನವೇ ಮಾಡಿ, ಹೆಸರಿನ ಮುಂದೆ ಅಳತೆಯನ್ನೂ ಬರೆದಿಡಿ.